ಸಾವಿರ ರೂಪಾಯಿ ತಾನೆ ಅಂತ ಬಿಟ್ಟಿದ್ದಕ್ಕೇ ಬೆಳೆದ ಮೋಸ: ಆನ್‌ಲೈನ್ ಖರೀದಿಯಲ್ಲಿ ದುಡ್ಡು ಹೋಗುವುದು ಹೇಗೆ?

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಎರಡು ಮೂರು ವಾರ ಇರುವಾಗಲೇ ಫೋನಿನಲ್ಲಿ ಸೀರೆ ಜಾಹೀರಾತುಗಳು ಶುರುವಾಗುತ್ತವೆ. 'ಅಪ್ಪಟ ಮೈಸೂರು ಸಿಲ್ಕ್, 1,299 ರೂಪಾಯಿ ಮಾತ್ರ. ಅಂಗಡಿ ಮುಚ್ಚುತ್ತಿದ್ದೇವೆ, ಕೊನೆಯ ಸ್ಟಾಕ್' ಅಂತ ಒಂದು ಸಾಲು. ಫೋಟೋದಲ್ಲಿ ಸೀರೆ ಮಿರಮಿರ ಮಿಂಚುತ್ತದೆ. ಕೆಳಗೆ ನೂರಾರು ಮೆಚ್ಚುಗೆ. ಒತ್ತಿದರೆ ಚಂದದ ವೆಬ್‌ಸೈಟ್ ತೆರೆಯುತ್ತದೆ, ಯುಪಿಐ ಮೂಲಕ ದುಡ್ಡು ಕಟ್ಟಲು ಅರ್ಧ ನಿಮಿಷ ಸಾಕು. ಆಮೇಲೆ ಕೆಲವರಿಗೆ ಏನೂ ಬರುವುದಿಲ್ಲ. ಕೆಲವರಿಗೆ ನೂರೈವತ್ತು ರೂಪಾಯಿಯೂ ಬಾಳದ ಪಾಲಿಯೆಸ್ಟರ್ ಬಟ್ಟೆ ಬರುತ್ತದೆ. ಫೋನ್ ಮಾಡಿದರೆ ಎತ್ತುವವರಿಲ್ಲ. ವಾರ ಕಳೆದರೆ ವೆಬ್‌ಸೈಟೂ ಇಲ್ಲ.

ಕಳೆದುಕೊಂಡವರು ಏನು ಮಾಡುತ್ತಾರೆ? ಹೆಚ್ಚಿನವರು ಏನೂ ಮಾಡುವುದಿಲ್ಲ. ಮನೆಯಲ್ಲಿ ಹೇಳಿದರೆ 'ಅಷ್ಟೂ ಗೊತ್ತಾಗಲ್ವಾ ನಿಂಗೆ' ಅನ್ನಿಸಿಕೊಳ್ಳಬೇಕು. ಠಾಣೆಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಬಸ್ಸು ಆಟೋ ಅಂತ ಇನ್ನೂರು ರೂಪಾಯಿ ಬೇರೆ. 'ಹೋಗ್ಲಿ ಬಿಡು, ಸಾವಿರ ರೂಪಾಯಿ ತಾನೆ' ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ.

ಈ ಇಡೀ ದಂಧೆ ನಿಂತಿರುವುದು ಆ ಒಂದು ಮಾತಿನ ಮೇಲೆ. ಲೆಕ್ಕ ನೋಡಿ. ಒಂದು ಜಾಹೀರಾತಿಗೆ ಸಾವಿರ ಜನ 1,299 ರೂಪಾಯಿ ಕಟ್ಟಿದರೆ ಹತ್ತಿರ ಹತ್ತಿರ 13 ಲಕ್ಷ ಆಗುತ್ತದೆ. ಒಬ್ಬರೇ 13 ಲಕ್ಷ ಕಳೆದುಕೊಂಡಿದ್ದರೆ ಆವತ್ತೇ ರಾತ್ರಿ ಪೊಲೀಸರ ಹತ್ತಿರ ಓಡುತ್ತಿದ್ದರು. ಸಾವಿರ ಜನ ಹಂಚಿಕೊಂಡು ಕಳೆದುಕೊಂಡಾಗ ಬಾಯಿ ಬಿಡುವವರು ಬೆರಳೆಣಿಕೆಯಷ್ಟು. ದೂರು ಕೊಡಲು ಬೇಜಾರಾಗುವಷ್ಟು ಸಣ್ಣದು, ಗುಂಪಾಗಿ ಸೇರಿದರೆ ಭಾರಿ ಲಾಭ. ಬೆಲೆ ಇಡುವುದೇ ಹಾಗೆ ಯೋಚಿಸಿ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ, ಸೈಬರ್ ಮೋಸದಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು. ಷೇರು ಹೂಡಿಕೆ, 'ಡಿಜಿಟಲ್ ಅರೆಸ್ಟ್'ನಂಥ ಭಾರಿ ಮೊತ್ತದ ಮೋಸಗಳೂ ಇದರಲ್ಲಿ ಸೇರಿವೆ. ಆದರೆ ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ಸೀರೆ, ಶೂ, ಇಯರ್‌ಬಡ್ಸ್, ಮಕ್ಕಳ ಸೈಕಲ್ ಅಂತ ಐನೂರು, ಸಾವಿರ ಕಳೆದುಕೊಂಡು ಸುಮ್ಮನಾದವರು ಈ ಲೆಕ್ಕಕ್ಕೆ ಬಂದೇ ಇಲ್ಲ.

ಪಿನ್ ಒತ್ತಿದ್ದು ನೀವೇ

ಸಣ್ಣ ಮೊತ್ತದ ಜೊತೆ ಇನ್ನೊಂದು ತೊಡಕು ಇದೆ. ನಕಲಿ ಅಂಗಡಿಯಲ್ಲಿ ಯಾರೂ ನಿಮ್ಮ ಖಾತೆಗೆ ಕನ್ನ ಹಾಕಿಲ್ಲ. ನೀವೇ ಬೆಲೆ ನೋಡಿ, ನೀವೇ ಪಿನ್ ಒತ್ತಿ, ನೀವೇ ದುಡ್ಡು ಕಳಿಸಿದ್ದೀರಿ. ಬ್ಯಾಂಕಿನ ಕಣ್ಣಿಗೆ ಇದು ತರಕಾರಿ ಅಂಗಡಿಗೆ ಕಟ್ಟಿದ ದುಡ್ಡಿನ ಹಾಗೇ ಕಾಣುತ್ತದೆ.

ಗ್ರಾಹಕರ ರಕ್ಷಣೆಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಒಳ್ಳೆಯ ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆ ಯಾರೋ ನಿಮ್ಮ ಖಾತೆಯಿಂದ ದುಡ್ಡು ಎಳೆದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ ಎನ್ನುತ್ತದೆ ಅದು. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ಹಾಕಬೇಕು. ಆದರೆ ಇದು ನಿಮ್ಮ ಒಪ್ಪಿಗೆ ಇಲ್ಲದೆ ಹೋದ ದುಡ್ಡಿನ ಮಾತು. ನೀವಾಗಿಯೇ ಕಳಿಸಿದ್ದಕ್ಕೆ ಈ ರಕ್ಷಣೆ ಸಿಗುವುದು ಕಷ್ಟ. ಒಟಿಪಿ ಅಥವಾ ಪಾಸ್‌ವರ್ಡ್ ನೀವೇ ಹೇಳಿಕೊಟ್ಟು ದುಡ್ಡು ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ಅನುಮಾನ ಬಂದ ಕೂಡಲೇ ಬ್ಯಾಂಕಿಗೆ ಒಂದು ಫೋನ್ ಮಾಡಿ. 'ನಾಳೆ ಬ್ರ್ಯಾಂಚಿಗೆ ಹೋಗಿ ಕೇಳೋಣ' ಅಂತ ಕಾಯುವ ಮಾತೇ ಬೇಡ.

ಇದನ್ನೆಲ್ಲ ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಖರೀದಿ ಮೋಸದಲ್ಲಿ ನಿಮ್ಮನ್ನು ಕಾಪಾಡುವ ಜಾಗ ಪಿನ್ ಒತ್ತುವುದಕ್ಕಿಂತ ಹಿಂದೆ ಇದೆ. ಆ ಎರಡು ನಿಮಿಷದಲ್ಲಿ ಏನು ನೋಡಬೇಕು ಅನ್ನುವುದೇ ಮುಖ್ಯ.

1,299 ರೂಪಾಯಿಗೆ ರೇಷ್ಮೆ ಸೀರೆ ಸಾಧ್ಯವೇ?

ಮೊದಲು ಬೆಲೆ. 'ತೀರಾ ಕಡಿಮೆ ಬೆಲೆ ಇದ್ದರೆ ಎಚ್ಚರ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟು ಅಂದರೆ ತೀರಾ ಕಡಿಮೆ? ಆ ವಸ್ತು ಮಾಡಲು ಏನು ಖರ್ಚಾಗುತ್ತದೆ ಅಂತ ಸ್ವಲ್ಪ ಯೋಚಿಸಿದರೆ ಉತ್ತರ ಸಿಗುತ್ತದೆ.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ಬಂದ ರೈತರನ್ನು ಕೇಳಿ. ಧಾರಣೆ ದಿನಾ ಏರಿಳಿಯುತ್ತದೆ. ಕಿಲೋಗೆ ಐನೂರು ರೂಪಾಯಿ ಅಂತಲೇ ಹಿಡಿಯೋಣ. ಒಂದು ಕಿಲೋ ಕಚ್ಚಾ ರೇಷ್ಮೆ ನೂಲು ತೆಗೆಯಲು ಆರೇಳು ಕಿಲೋ ಗೂಡು ಬೇಕು. ಒಂದು ಸೀರೆಗೆ ಅರ್ಧ ಕಿಲೋ ನೂಲು ಅಂತ ಇಟ್ಟುಕೊಂಡರೂ ಮೂರು ಕಿಲೋಗಿಂತ ಜಾಸ್ತಿ ಗೂಡು ಬೇಕಾಯಿತು. ಗೂಡಿಗೇ ಸಾವಿರದ ಐನೂರು ದಾಟಿತು. ಇನ್ನು ನೂಲು ಬಿಚ್ಚುವ ಕೂಲಿ, ಹುರಿ, ಬಣ್ಣ, ಜರಿ, ನೇಯ್ಗೆ, ಅಂಗಡಿ ಬಾಡಿಗೆ, ಕೊರಿಯರ್ ಎಲ್ಲ ಬಾಕಿ. ಅಂದಮೇಲೆ 1,299 ರೂಪಾಯಿಗೆ ಅಪ್ಪಟ ರೇಷ್ಮೆ ಕೊಡಲು ಯಾವ ಅಂಗಡಿಯವರಿಗೂ ಆಗುವುದಿಲ್ಲ, ಅಂಗಡಿ ಮುಚ್ಚುತ್ತಿದ್ದರೂ ಆಗುವುದಿಲ್ಲ.

ಮೈಸೂರು ಸಿಲ್ಕ್ ಎಂಬ ಹೆಸರಿಗೆ 2005ರಲ್ಲೇ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಆ ಸೀರೆ ಮಾಡುವುದು ಕೆಎಸ್‌ಐಸಿ, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ. ಅವರ ಮಳಿಗೆಗಳ ಮುಂದೆ ಜನ ಸಾಲು ನಿಂತು ಸೀರೆ ಒಯ್ಯುತ್ತಾರೆ. ಹಾಗಿರುವಾಗ ಅದೇ ಸೀರೆ ಸಾವಿರ ಚಿಲ್ಲರೆಗೆ ಫೋನಿನಲ್ಲಿ ತಾನಾಗಿಯೇ ಬಂದು 'ತಗೊಳ್ಳಿ' ಅನ್ನುತ್ತಿದೆ ಅಂದರೆ ಅಲ್ಲೇ ನಿಲ್ಲಬೇಕು. ಬೇರೆ ರೇಷ್ಮೆ ಸೀರೆಗಳಿಗೆ 'ಸಿಲ್ಕ್ ಮಾರ್ಕ್' ಇದೆಯಾ ಅಂತ ಕೇಳಬಹುದು. ಬೆಂಗಳೂರಿನಲ್ಲೇ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು ಅದು.

ಫೋನ್, ಶೂ, ಮಿಕ್ಸಿ, ಯಾವುದಕ್ಕೇ ಆಗಲಿ ಇದೇ ಲೆಕ್ಕ. ಕಂಪನಿಯ ಸ್ವಂತ ಸೈಟಿನಲ್ಲಿ ಎಷ್ಟಿದೆ, ದೊಡ್ಡ ಸೇಲ್ ಹೊತ್ತಿನಲ್ಲಿ ಎಷ್ಟಕ್ಕೆ ಇಳಿದಿತ್ತು ನೋಡಿ. ಅದಕ್ಕಿಂತಲೂ ಅರ್ಧಕ್ಕೆ ಕೊಡುವವರು ಯಾರು, ಹೇಗೆ ಕೊಡುತ್ತಾರೆ ಅಂತ ಕೇಳಿಕೊಳ್ಳಿ.

ಜಾಹೀರಾತು ಬಂತು ಅಂದರೆ ಯಾರೋ ಪರೀಕ್ಷೆ ಮಾಡಿದ್ದಾರೆ ಅಂತಲ್ಲ

'ಫೇಸ್‌ಬುಕ್‌ನಲ್ಲೇ ಬಂದಿತ್ತು, ಅದಕ್ಕೇ ನಂಬಿದೆ' ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ದುಡ್ಡು ಕೊಟ್ಟರೆ ಯಾರ ಜಾಹೀರಾತು ಬೇಕಾದರೂ ಬರಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಒಂದು ವರದಿ ಪ್ರಕಟಿಸಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ಒಳಗಿನ ಕಾಗದಪತ್ರಗಳನ್ನು ನೋಡಿ ಬರೆದದ್ದು. 2024ರ ತನ್ನ ಆದಾಯದಲ್ಲಿ ಸುಮಾರು ಶೇ. 10ರಷ್ಟು ಮೋಸದ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದು ಅಂತ ಕಂಪನಿಯೇ ಒಳಗೊಳಗೆ ಅಂದಾಜು ಮಾಡಿತ್ತು. ಜಾಹೀರಾತು ಕೊಟ್ಟವರು ಮೋಸಗಾರರು ಅಂತ ಶೇ. 95ರಷ್ಟು ಖಾತ್ರಿಯಾದರೆ ಮಾತ್ರ ಅವರ ಖಾತೆ ಮುಚ್ಚುವುದು ಎಂಬ ರೂಢಿಯೂ ಇತ್ತು. ಆ ಅಂದಾಜು ಒರಟಾದದ್ದು, ಸೇರಿಸಬಾರದ್ದನ್ನೂ ಸೇರಿಸಿದೆ ಅಂತ ಮೆಟಾ ಉತ್ತರ ಕೊಟ್ಟಿತು. ಅದನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಜಾಹೀರಾತಿನ ದುಡ್ಡು ಎಣಿಸಿಕೊಂಡವರಿಗೆ ಆ ಅಂಗಡಿ ನಿಜವೋ ಸುಳ್ಳೋ ನೋಡುವ ಹೊಣೆಯೂ ಇರಬೇಕು. ಈಗ ಆ ಹೊಣೆ ಪೂರ್ತಿ ಕೊಳ್ಳುವವರ ತಲೆ ಮೇಲಿದೆ. ಇದು ನ್ಯಾಯವಲ್ಲ ಅಂತಲೇ ನನ್ನ ಅನಿಸಿಕೆ.

ಅದು ಸರಿಯಾಗುವವರೆಗೆ ನಾವೇ ನೋಡಬೇಕು. ಫೇಸ್‌ಬುಕ್ ಪೇಜಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಅಂತ ಒಂದು ಜಾಗ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ 'ಅಬೌಟ್ ದಿಸ್ ಅಕೌಂಟ್'. ಒತ್ತಿ ನೋಡಿ. ಪೇಜ್ ಯಾವಾಗ ಶುರುವಾಯಿತು, ಮುಂಚೆ ಯಾವ ಹೆಸರಿತ್ತು, ನಡೆಸುವವರು ಯಾವ ದೇಶದಲ್ಲಿದ್ದಾರೆ ಅನ್ನುವುದು ಅಲ್ಲಿ ಸಿಗುತ್ತದೆ. 'ಮೂರು ತಲೆಮಾರಿನ ಸಿಲ್ಕ್ ಹೌಸ್' ಎನ್ನುವ ಪೇಜ್ ಕಳೆದ ತಿಂಗಳು ಹುಟ್ಟಿದ್ದರೆ, ಅಥವಾ ಹೋದ ವರ್ಷ ಅದೇ ಪೇಜಿಗೆ ಯಾವುದೋ ಕ್ರಿಕೆಟ್ ಅಭಿಮಾನಿಗಳ ಹೆಸರಿದ್ದರೆ, ಮುಂದೆ ಹೋಗುವುದೇ ಬೇಡ. ಹಳೆಯ ಪೇಜ್ ಕೊಂಡು ಹೆಸರು ಬದಲಿಸಿದರೆ ಲಕ್ಷಗಟ್ಟಲೆ ಫಾಲೋವರ್‌ಗಳು ಸುಮ್ನೆ ಸಿಗುತ್ತಾರೆ. ಹಾಗಾಗಿ ಫಾಲೋವರ್ ಲೆಕ್ಕ ನೋಡಿ ನಂಬಬೇಡಿ.

ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಸೀರೆ, ಅದೇ ಮಾಡೆಲ್, ಅದೇ ಹಿನ್ನೆಲೆ ಬೇರೆ ಅಂಗಡಿಯ ಪೇಜಿನಲ್ಲಿ ಹದಿನೈದು ಸಾವಿರಕ್ಕೆ ಇದ್ದರೆ ಫೋಟೋ ಕದ್ದದ್ದು ಅಂತ ಅರ್ಥ. ಕೆಳಗಿನ ಕಮೆಂಟ್ ಬಂದ್ ಮಾಡಿದ್ದಾರಾ ಅಂತಲೂ ಗಮನಿಸಿ.

ವಿಳಾಸ ಓದುವ ಬಗೆ

ವೆಬ್‌ಸೈಟ್ ನೋಡಲು ಎಷ್ಟು ಚಂದ ಇದೆ ಅನ್ನುವುದರಿಂದ ಈಗ ಏನೂ ತಿಳಿಯುವುದಿಲ್ಲ. ಸಿದ್ಧ ಅಚ್ಚಿನಲ್ಲಿ ಅರ್ಧ ದಿನದಲ್ಲಿ ಅಂಗಡಿ ಸೈಟ್ ಎಬ್ಬಿಸಬಹುದು. ವಿಳಾಸದ ಪಕ್ಕದ ಬೀಗದ ಗುರುತಿನಿಂದಲೂ ತಿಳಿಯುವುದಿಲ್ಲ. ನಿಮಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಕದ್ದು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥ. ಸೈಟೇ ಕಳ್ಳರದ್ದಾದರೆ ಬೀಗ ಏನು ಮಾಡೀತು? ಜನ ಅದನ್ನು ಪ್ರಾಮಾಣಿಕತೆಯ ಗುರುತು ಅಂತ ತಪ್ಪು ತಿಳಿಯುತ್ತಿದ್ದಾರೆ ಎಂದೇ ಕ್ರೋಮ್ 2023ರಲ್ಲಿ ಆ ಗುರುತನ್ನು ತೆಗೆದುಹಾಕಿತು.

ನೋಡಬೇಕಾದ್ದು ವಿಳಾಸದ ಅಕ್ಷರಗಳನ್ನು, ಅದೂ ಹಿಂದಿನಿಂದ ಮುಂದಕ್ಕೆ. ಉದಾಹರಣೆಗೆ 'ಫ್ಲಿಪ್‌ಕಾರ್ಟ್ ಡಾಟ್ ಕಾಮ್ ಡಾಟ್ ಹಬ್ಬಸೇಲ್ ಡಾಟ್ ಶಾಪ್' ಅಂತ ಒಂದು ವಿಳಾಸ ಬಂತು ಅಂದುಕೊಳ್ಳಿ. ಮೊದಲಿಗೆ ಫ್ಲಿಪ್‌ಕಾರ್ಟ್ ಕಾಣುತ್ತದೆ, ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಶುರುವಿನ https:// ಬಿಟ್ಟು, ಮೊದಲ ಓರೆಗೆರೆಗಿಂತ (/) ಮುಂಚೆ ಇರುವ ಕೊನೆಯ ಎರಡು ಪದಗಳೇ ಯಜಮಾನರು. ಇಲ್ಲಿ ಯಜಮಾನರು 'ಹಬ್ಬಸೇಲ್ ಡಾಟ್ ಶಾಪ್'. ಅದರ ಎಡಕ್ಕೆ ಇರುವುದೆಲ್ಲ ಅವರು ತಮಗೆ ಬೇಕಾದ ಹಾಗೆ ಬರೆದುಕೊಂಡ ಬೋರ್ಡು. ಕೊನೆಯಲ್ಲಿ 'ಕೋ ಡಾಟ್ ಇನ್' ಅಥವಾ 'ಜಿಒವಿ ಡಾಟ್ ಇನ್' ಇದ್ದರೆ ಮೂರು ಪದ ನೋಡಬೇಕು, ಅಷ್ಟೇ ವ್ಯತ್ಯಾಸ. 'ಹೂಈಸ್' ಎಂಬ ಹುಡುಕಾಟದ ಸೈಟುಗಳಲ್ಲಿ ಆ ವಿಳಾಸ ನೋಂದಣಿಯಾದ ದಿನಾಂಕ ಪುಕ್ಕಟೆ ಸಿಗುತ್ತದೆ. ಹತ್ತಿಪ್ಪತ್ತು ದಿನದ ಹಿಂದೆ ಹುಟ್ಟಿದ ಸೈಟು 'ಲಕ್ಷಾಂತರ ಗ್ರಾಹಕರ ಮೆಚ್ಚುಗೆ' ಅಂತ ಬರೆದುಕೊಂಡಿದ್ದರೆ ಬೇರೆ ಪುರಾವೆ ಬೇಕಿಲ್ಲ.

ಆಮೇಲೆ ಸೈಟಿನ ತಳಕ್ಕೆ ಇಳಿಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ, ದೂರು ಕೇಳುವ ಅಧಿಕಾರಿಯ ವಿವರ ಎಲ್ಲವನ್ನೂ ಹಾಕಿರಬೇಕು. ದೂರು ಬಂದರೆ 48 ಗಂಟೆಯೊಳಗೆ ಅದು ತಲುಪಿದೆ ಅಂತ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬರೀ ಒಂದು ವಾಟ್ಸ್ಆ್ಯಪ್ ನಂಬರ್, ಒಂದು ಜಿಮೇಲ್ ಐಡಿ ಇದ್ದರೆ ಅದು ನಿಯಮ ಪಾಲಿಸುವ ಅಂಗಡಿಯಲ್ಲ.

ಜಿಎಸ್‌ಟಿ ನಂಬರ್ ಹಾಕಿದ್ದರೆ ಇನ್ನೂ ಒಳ್ಳೆಯದು, ಯಾಕಂದರೆ ಅದನ್ನು ಪರೀಕ್ಷೆ ಮಾಡಬಹುದು. ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29. 'ಚಿಕ್ಕಪೇಟೆ, ಬೆಂಗಳೂರು' ಅಂತ ವಿಳಾಸ ಹಾಕಿ ನಂಬರ್ ಬೇರೆ ಅಂಕಿಯಿಂದ ಶುರುವಾದರೆ ಯಾಕೆ ಅಂತ ಕೇಳಲೇಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಒತ್ತಿ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಯಾವಾಗ ಸಿಕ್ಕಿತು, ಈಗಲೂ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ಬೇರೆ ಯಾರದ್ದೋ ನಂಬರ್ ಕದ್ದು ಹಾಕುವವರೂ ಇದ್ದಾರೆ, ಆದ್ದರಿಂದ ಹೆಸರು ಹೊಂದುತ್ತದಾ ನೋಡಿ.

'ಇನ್ನು 9 ನಿಮಿಷ ಮಾತ್ರ' ಅಂತ ಗಡಿಯಾರ ಓಡುತ್ತಿದ್ದರೆ ಪುಟವನ್ನು ಮುಚ್ಚಿ ಮತ್ತೆ ತೆರೆಯಿರಿ. ಎಷ್ಟೋ ಸೈಟುಗಳಲ್ಲಿ ಅದು ಮತ್ತೆ ಮೊದಲಿನಿಂದ ಓಡುತ್ತದೆ. ಇಂಥ ಸುಳ್ಳು ಅವಸರವನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ 13 ವಂಚಕ ತಂತ್ರಗಳ ಪೈಕಿ ಒಂದು ಅಂತ ಹೆಸರಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ, ಮೊಳಕಾಲ್ಮೂರಿನಲ್ಲಿ ಮಗ್ಗದಿಂದ ನೇರವಾಗಿ ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್‌ನಲ್ಲಿ ಮಾರುವ ನೇಕಾರರ ಮನೆಗಳಿವೆ. ಅವರಲ್ಲಿ ಕೆಲವರಿಗೆ ವೆಬ್‌ಸೈಟ್ ಇರುವುದಿಲ್ಲ, ಜಿಎಸ್‌ಟಿ ನಂಬರೂ ಇಲ್ಲದಿರಬಹುದು. 'ಗೊತ್ತಿಲ್ಲದವರ ಹತ್ತಿರ ಕೊಳ್ಳಲೇಬೇಡಿ' ಅಂತ ಹೇಳಿಬಿಟ್ಟರೆ ಮೊದಲು ಪೆಟ್ಟು ಬೀಳುವುದು ಇವರಿಗೆ. ಅವರ ಫೋಟೋ ಕದ್ದು ಮೋಸ ಮಾಡಿದಾಗಲೂ ಹೆಸರು ಕೆಡುವುದು ಇವರದೇ. ಇವರ ಹತ್ತಿರ ಕೊಳ್ಳುವಾಗ ಒಂದು ವಿಡಿಯೋ ಕಾಲ್ ಕೇಳಿ. 'ಅಕ್ಕಾ, ಆ ಸೀರೆಯ ಸೆರಗು ಬಿಚ್ಚಿ ತೋರಿಸ್ತೀರಾ' ಅಂದರೆ ನಿಜವಾದ ಮಾರಾಟಗಾರರು ಖುಷಿಯಿಂದ ತೋರಿಸುತ್ತಾರೆ. ಮೊದಲ ಸಲ ಸಣ್ಣದೊಂದು ಕೊಂಡು ನೋಡಿ. ಅವಸರ ಮಾಡುವವರು, ಕ್ಯಾಮೆರಾಗೆ ಬರದವರು, 'ಮೊದಲು ಅಡ್ವಾನ್ಸ್ ಹಾಕಿ' ಅಂತ ಪಟ್ಟು ಹಿಡಿಯುವವರು ಬೇಡ.

ದುಡ್ಡು ಕಟ್ಟುವ ಪರದೆಯಲ್ಲಿ

ಯುಪಿಐ ಪರದೆಯಲ್ಲಿ ಒಂದು ಹೆಸರು ಕಾಣುತ್ತದೆ. ಹೆಚ್ಚಿನವರು ಅದನ್ನು ಓದದೆ ಪಿನ್ ಒತ್ತುತ್ತಾರೆ. 2025ರ ಜೂನ್ ಕೊನೆಯೊಳಗೆ ಎಲ್ಲ ಆ್ಯಪ್‌ಗಳೂ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸೂಚಿಸಿತ್ತು. ಅಂದರೆ ಮೋಸಗಾರರು ತಮ್ಮ ಇಷ್ಟದ ಹೆಸರು ಹಾಕಿಕೊಳ್ಳುವುದು ಈಗ ಅಷ್ಟು ಸುಲಭವಲ್ಲ. ಅಂಗಡಿ ಹೆಸರು ಒಂದು, ಪರದೆಯಲ್ಲಿ ಬೇರೆ ಯಾವುದೋ ರಾಜ್ಯದ ಕಡೆಯ ಒಬ್ಬ ವ್ಯಕ್ತಿಯ ಹೆಸರು ಬಂತು ಅಂದರೆ ಅಲ್ಲಿಗೇ ಬಿಡಿ. ಆ ಖಾತೆ ಹೆಚ್ಚಾಗಿ ಬಾಡಿಗೆ ಖಾತೆ ಆಗಿರುತ್ತದೆ. ಕಾಲೇಜು ಹುಡುಗರಿಗೋ ಕೂಲಿಯವರಿಗೋ ಒಂದಷ್ಟು ದುಡ್ಡು ಕೊಟ್ಟು ಅವರ ಹೆಸರಿನಲ್ಲಿ ತೆರೆಸಿದ ಖಾತೆ.

ಕ್ರೆಡಿಟ್ ಕಾರ್ಡ್ ಇದ್ದವರಿಗೆ ಒಂದು ಅನುಕೂಲ ಇದೆ. ವಸ್ತು ಬರಲೇ ಇಲ್ಲ ಅಂತ ಬ್ಯಾಂಕಿಗೆ ಹೇಳಿ 'ಚಾರ್ಜ್‌ಬ್ಯಾಕ್', ಅಂದರೆ ಕಟ್ಟಿದ ದುಡ್ಡನ್ನು ವಾಪಸ್, ಕೇಳಬಹುದು. ಯುಪಿಐಯಲ್ಲಿ ಪಿನ್ ಒತ್ತಿ ಕಳಿಸಿದ ದುಡ್ಡು ಹಾಗೆ ಸುಲಭವಾಗಿ ಹಿಂದಕ್ಕೆ ಬರುವುದಿಲ್ಲ. ಮೊದಲ ಸಲ ಕೊಳ್ಳುವ ಸೈಟಿನಲ್ಲಿ ಯುಪಿಐ ಐಡಿ ಒಂದನ್ನೇ ಕೊಟ್ಟು ಕಾರ್ಡಿಗೆ ಜಾಗವೇ ಇಲ್ಲದಿದ್ದರೆ ಎರಡು ಸಲ ಯೋಚಿಸಿ.

ಹಳೆಯ ಸೋಫಾ, ಬೈಕ್ ಮಾರಲು ಹೊರಟವರಿಗೂ ಇಲ್ಲೇ ಟೋಪಿ ಬೀಳುತ್ತದೆ. 'ನಾನು ಸೈನ್ಯದಲ್ಲಿದ್ದೇನೆ, ಪೋಸ್ಟಿಂಗ್ ಆಗಿದೆ, ದುಡ್ಡು ಕಳಿಸ್ತೇನೆ, ಈ ಕ್ಯುಆರ್ ಸ್ಕ್ಯಾನ್ ಮಾಡಿ' ಅನ್ನುವ ಹಳೆಯ ನಾಟಕ ಇನ್ನೂ ನಡೆಯುತ್ತಿದೆ. ದುಡ್ಡು ಬರಲು ಸ್ಕ್ಯಾನ್ ಬೇಡ, ಪಿನ್ ಬೇಡ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ. ಒಬ್ಬರು ಇನ್ನೊಬ್ಬರಿಗೆ ದುಡ್ಡು ಕೇಳಿ ಕಳಿಸುವ 'ಕಲೆಕ್ಟ್' ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಕ್ಯುಆರ್ ದಾರಿ ಮಾತ್ರ ಹಾಗೇ ತೆರೆದಿದೆ.

ಆರ್ಡರ್ ಆದಮೇಲಿನ ಫೋನು

ಸರಿಯಾದ ಅಂಗಡಿಯಲ್ಲೇ ಕೊಂಡಿದ್ದರೂ ಮೋಸಕ್ಕೆ ಇನ್ನೊಂದು ಬಾಗಿಲಿದೆ. ಪಾರ್ಸೆಲ್ ಬರುವುದನ್ನು ಕಾಯುತ್ತಿರುವವರನ್ನು ನಂಬಿಸುವುದು ಬಹಳ ಸುಲಭ.

'ಮೇಡಂ, ಕೊರಿಯರ್‌ನಿಂದ. ನಿಮ್ಮ ಅಡ್ರೆಸ್ ಸರಿ ಸಿಗ್ತಿಲ್ಲ. ನಾನು ಮೆಸೇಜ್ ಕಳಿಸಿದ ನಂಬರ್ ಡಯಲ್ ಮಾಡಿ, ಡೆಲಿವರಿ ಹುಡುಗನಿಗೆ ಕನೆಕ್ಟ್ ಆಗುತ್ತೆ.' ಮೆಸೇಜಿನಲ್ಲಿ ಇರುವುದು *21* ಅಂತ ಶುರುವಾಗಿ, ನಡುವೆ ಒಂದು ಮೊಬೈಲ್ ನಂಬರ್ ಇದ್ದು, # ಅಂತ ಮುಗಿಯುವ ಸಂಖ್ಯೆ. ಡಯಲ್ ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ಹೋಗುತ್ತವೆ. ಕರೆ ಮೂಲಕ ಹೇಳುವ ಒಟಿಪಿಯೂ ಅವರ ಕಿವಿಗೆ. ನಿಮ್ಮ ವಾಟ್ಸ್ಆ್ಯಪ್ ಖಾತೆಯನ್ನು ಕೂಡ ಹೀಗೆ ಕಿತ್ತುಕೊಳ್ಳುತ್ತಾರೆ. ಗೊತ್ತಿಲ್ಲದೆ ಡಯಲ್ ಮಾಡಿಬಿಟ್ಟಿದ್ದರೆ ಕೂಡಲೇ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಈಗಲೇ ಒಮ್ಮೆ ಮಾಡಿ ನೋಡಿದರೂ ನಷ್ಟವಿಲ್ಲ, ನೀವೇ ಬೇಕೆಂದು ಹಾಕಿಕೊಂಡ ಫಾರ್ವರ್ಡಿಂಗ್ ಇದ್ದರೆ ಮಾತ್ರ ಅದೂ ಹೋಗುತ್ತದೆ.

ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಮೆಸೇಜ್ ಇನ್ನೊಂದು. 'ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣ, 12 ಗಂಟೆಯೊಳಗೆ ಸರಿಪಡಿಸಿ' ಅಂತ ಒಂದು ಲಿಂಕ್. ಒತ್ತಿದರೆ ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ ಶುಲ್ಕ ಕೇಳುತ್ತದೆ. ಅವರಿಗೆ ಆ ಇಪ್ಪತ್ತೈದು ರೂಪಾಯಿ ಬೇಕಿಲ್ಲ, ನೀವು ತುಂಬುವ ಕಾರ್ಡ್ ವಿವರ ಬೇಕು. ಇದು ಸುಳ್ಳು ಅಂತ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಹೇಳಿದೆ. ಅಂಚೆ ಇಲಾಖೆಯ ಸೈಟಿನ ವಿಳಾಸ 'ಜಿಒವಿ ಡಾಟ್ ಇನ್' ಅಂತ ಮುಗಿಯುತ್ತದೆ. ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದಲೋ ವಿದೇಶದ ನಂಬರಿನಿಂದಲೋ ಅಂಚೆ ಇಲಾಖೆ ಮೆಸೇಜ್ ಕಳಿಸುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ರೀಫಂಡ್ ಮೋಸ ಕಂಡಾಗ. ಬಂದ ವಸ್ತು ಒಡೆದಿರುತ್ತದೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಮೇಲೆ ಕಾಣುವ ನಂಬರ್ ಮೋಸಗಾರರೇ ಹಾಕಿದ್ದು. ಅತ್ತ ಕಡೆಯವರು ಬಲು ಮರ್ಯಾದೆಯಿಂದ ಮಾತಾಡಿ 'ಸರ್, ಈ ಆ್ಯಪ್ ಹಾಕಿಕೊಳ್ಳಿ, ನಾನೇ ಫಾರ್ಮ್ ತುಂಬಿಸ್ತೇನೆ' ಅನ್ನುತ್ತಾರೆ. ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಎನಿಡೆಸ್ಕ್‌ನಂಥ ಆ್ಯಪ್ ಬಳಸಿ ಹೀಗೆ ದೋಚುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಈಗ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್, ಕಳಿಸುತ್ತಾರೆ. ಹಾಕಿಕೊಂಡರೆ ಫೋನಿಗೆ ಬರುವ ಒಟಿಪಿ ಮೆಸೇಜುಗಳನ್ನು ಅದು ತಾನೇ ಓದಿ ಆಚೆಗೆ ದಾಟಿಸುತ್ತದೆ. ಕಸ್ಟಮರ್ ಕೇರ್ ಬೇಕಿದ್ದರೆ ಕೊಂಡ ಆ್ಯಪಿನ ಒಳಗೇ ಹೋಗಿ 'ಹೆಲ್ಪ್' ಒತ್ತಿ. ಹೊರಗೆ ಹುಡುಕಬೇಡಿ.

ಕ್ಯಾಶ್ ಆನ್ ಡೆಲಿವರಿ ಇದ್ದರೆ ಸುರಕ್ಷಿತ ಅಂತ ಹೇಳುವವರಿದ್ದಾರೆ. ಪೂರ್ತಿ ನಿಜವಲ್ಲ. ಹೆಚ್ಚಿನ ಕೊರಿಯರ್‌ನವರು ದುಡ್ಡು ಕೊಡುವ ಮುಂಚೆ ಡಬ್ಬ ಬಿಚ್ಚಲು ಬಿಡುವುದಿಲ್ಲ. ಅವರ ತಪ್ಪೂ ಅಲ್ಲ ಅದು. ಯಾರೂ ಆರ್ಡರ್ ಮಾಡದ ಪಾರ್ಸೆಲ್ ಮನೆಗೆ ಬರುವುದೂ ಇದೆ. ಮಗಳೋ ಮಗನೋ ತರಿಸಿರಬೇಕು ಅಂತ ಅಜ್ಜಿ 899 ರೂಪಾಯಿ ಕೊಟ್ಟು ಇಸಕೊಳ್ಳುತ್ತಾರೆ. ಒಳಗೆ ಒಂದು ಜೊತೆ ಸಾಕ್ಸ್. ಮನೆಯಲ್ಲಿ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: ಆರ್ಡರ್ ಮಾಡಿದವರು ಮೊದಲೇ ಹೇಳಿರದಿದ್ದರೆ, ಅವರಿಗೆ ಫೋನ್ ಮಾಡಿ ಕೇಳದೆ ಯಾವ ಪಾರ್ಸೆಲ್‌ಗೂ ದುಡ್ಡು ಕೊಡುವಂತಿಲ್ಲ. ಬೆಲೆಬಾಳುವ ವಸ್ತು ಬಿಚ್ಚುವಾಗ ಲೇಬಲ್ ಕಾಣುವ ಹಾಗೆ ತಡೆಯಿಲ್ಲದೆ ವಿಡಿಯೋ ಮಾಡಿ. ಡಬ್ಬ ಎಸೆಯುವ ಮುಂಚೆ ಹೆಸರು, ನಂಬರ್ ಇರುವ ಲೇಬಲ್ ಹರಿದುಹಾಕಿ.

ದೂರು ಸಾವಿರ ರೂಪಾಯಿಗೂ ಕೊಡಬೇಕು

ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆ. ಯಾವ ರಾಜ್ಯದಿಂದ ಮಾಡಿದರೂ ಇದೇ ನಂಬರ್. ನಿಮ್ಮ ದೂರು ನಿಮ್ಮ ಬ್ಯಾಂಕಿಗೂ, ದುಡ್ಡು ಹೋದ ಬ್ಯಾಂಕಿಗೂ ಅಲ್ಲಿಂದಲೇ ಹೋಗುತ್ತದೆ. ದುಡ್ಡು ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ದೂರು ಅದರ ಬೆನ್ನು ಹತ್ತುತ್ತದೆ. ಎಟಿಎಂನಲ್ಲಿ ತೆಗೆದುಬಿಟ್ಟರೆ ಮಾತ್ರ ಕೈ ತಪ್ಪಿದಂತೆ. ಅದಕ್ಕೇ ಮೊದಲ ಒಂದೆರಡು ಗಂಟೆ ಅಷ್ಟು ಮುಖ್ಯ.

ಫೋನ್ ಮಾಡುವಾಗ ಯುಪಿಐ ವಹಿವಾಟಿನ 12 ಅಂಕಿಯ ನಂಬರ್, ಮೊತ್ತ, ಹೊತ್ತು, ನಿಮ್ಮ ಬ್ಯಾಂಕಿನ ಹೆಸರು ಕೈಯಲ್ಲಿರಲಿ. ಜಾಹೀರಾತು, ವೆಬ್‌ಸೈಟ್ ವಿಳಾಸ, ವಾಟ್ಸ್ಆ್ಯಪ್ ಮಾತುಕತೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಅವರನ್ನು ಬೈದು ಬ್ಲಾಕ್ ಮಾಡುವುದು ಆಮೇಲಿನ ಮಾತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ನೀವೇ ದೂರು ತುಂಬಲೂಬಹುದು. ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಂಗಡಿ ನಿಜವಾದದ್ದೇ, ಆದರೆ ಕಳಪೆ ವಸ್ತು ಕಳಿಸಿ ದುಡ್ಡು ವಾಪಸ್ ಕೊಡುತ್ತಿಲ್ಲ ಅನ್ನುವುದಾದರೆ ಅದಕ್ಕೆ ಬೇರೆ ನಂಬರ್, 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು.

ನಿಮ್ಮ 1,299 ರೂಪಾಯಿ ಬರದೆಯೂ ಹೋಗಬಹುದು. ಆದರೂ ದೂರು ಕೊಡಿ ಅಂತ ಒತ್ತಿ ಹೇಳಲು ಕಾರಣ ಇದೆ. ಆ ಸಾವಿರ ಜನರಲ್ಲಿ ಒಬ್ಬರೇ ದೂರು ಕೊಟ್ಟರೆ ಅದು ಒಂದು ಸಾವಿರ ರೂಪಾಯಿಯ ಪ್ರಕರಣ. ಇನ್ನೂರು ಜನ ಕೊಟ್ಟರೆ ಒಂದೇ ಖಾತೆ, ಒಂದೇ ಫೋನ್ ನಂಬರ್ ಇನ್ನೂರು ಕಡೆ ಕಾಣುತ್ತದೆ. ಆಗ ಬ್ಯಾಂಕ್ ಆ ಖಾತೆ ಮುಚ್ಚುತ್ತದೆ, ಸಿಮ್ ಬಂದ್ ಆಗುತ್ತದೆ. ಅದೇ ಪೋರ್ಟಲ್‌ನಲ್ಲಿ 'ರಿಪೋರ್ಟ್ ಆ್ಯಂಡ್ ಚೆಕ್ ಸಸ್ಪೆಕ್ಟ್' ಅಂತ ಒಂದು ಜಾಗ ಇದೆ. ಯಾರಾದರೂ ಕೊಟ್ಟ ಫೋನ್ ನಂಬರ್, ಯುಪಿಐ ಐಡಿ, ವೆಬ್‌ಸೈಟ್ ವಿಳಾಸ ಹಾಕಿದರೆ ಮುಂಚೆ ಅದರ ಮೇಲೆ ದೂರು ಬಂದಿದೆಯಾ ತಿಳಿಯುತ್ತದೆ. ನೀವು ಇವತ್ತು ಕೊಟ್ಟ ದೂರು ನಾಳೆ ಹಾವೇರಿಯಲ್ಲೋ ಕೋಲಾರದಲ್ಲೋ ಅದೇ ಸೀರೆಗೆ ದುಡ್ಡು ಕಟ್ಟಲು ಹೊರಟವರ ಕಣ್ಣಿಗೆ ಬೀಳುವುದು ಹೀಗೆ.

ದೂರು ಕೊಟ್ಟ ಕೆಲವು ದಿನಗಳಲ್ಲಿ ನಿಮಗೆ ಇನ್ನೊಂದು ಫೋನ್ ಬರಬಹುದು. 'ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು 500 ರೂಪಾಯಿ ಶುಲ್ಕ ಕಟ್ಟಿ' ಅಂತ. ಅದೂ ಅವರೇ, ಅಥವಾ ಅವರ ಪಟ್ಟಿ ಕೊಂಡ ಇನ್ನೊಂದು ಗುಂಪು. ಹೋದ ದುಡ್ಡು ವಾಪಸ್ ಕೊಡಿಸಲು ಪೊಲೀಸರಾಗಲಿ, ಬ್ಯಾಂಕಾಗಲಿ, 1930ರವರಾಗಲಿ ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ಮೊದಲು ಕೊಟ್ಟ ದೂರಿನ ಸಂಖ್ಯೆಯ ಜೊತೆ ಪೊಲೀಸರಿಗೆ ತಿಳಿಸಿ.